ಶುಶ್ರೂಷಾ ವಿದ್ಯೆಯ ಪದವಿ: ಹಣ ಕಟ್ಟುವದಕ್ಕಿಂತ ಮುಂಚೆ ತಿಳಿಯತಕ್ಕ ಸಂಗತಿಗಳು



ಹೋದ ವರುಷ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಒಂದು ಸಾಯಂಕಾಲ ನಮ್ಮ ಸಭೆಯ ಒಬ್ಬ ಸಹೋದರರು ತಮ್ಮ ಮಗಳನ್ನು ಕರಕೊಂಡು ನಮ್ಮ ಮನೆಗೆ ಬಂದರು. ಅವರು ಬೇಸಾಯಗಾರರು. ಅವರ ಚೀಲದಲ್ಲಿ ಎರಡು ಎಕರೆ ಹೊಲದ ಉತಾರವೂ ಬಣ್ಣದ ಅಚ್ಚಿನ ಒಂದು ಕಾಗದವೂ ಇದ್ದವು. “ಅಯ್ಯನವರೇ, ಹುಡುಗಿಗೆ ಪಟ್ಟಣದಲ್ಲಿ ನರ್ಸಿಂಗ್ ಸೀಟು ಸಿಕ್ಕಿದೆ. ನಾಡದು ಹಣ ಕಟ್ಟಬೇಕಂತೆ. ಹೊಲವನ್ನು ಅಡವಿಡಬೇಕೆಂದಿದ್ದೇನೆ, ನೀವು ಸಾಕ್ಷಿ ಹಾಕಿಕೊಡಬೇಕು” ಅಂದರು.

ನಾವು ಆ ಕಾಗದವನ್ನು ಎರಡು ಸಾರಿ ಓದಿದೆವು. ನರ್ಸಿಂಗ್ ಎಂಬ ಮಾತು ಅದರಲ್ಲಿ ಅನೇಕ ಸಾರಿ ಇತ್ತು. ಯಾವ ವಿಶ್ವವಿದ್ಯಾಲಯವೆಂಬದು ಎಲ್ಲಿಯೂ ಇರಲಿಲ್ಲ. ಕಲಿಯುವ ಕಾಲವು ಒಂದೂವರೆ ವರುಷವೆಂದು ಬರೆದಿತ್ತು. ನಮ್ಮ ಸಭೆಯಲ್ಲಿ ಹುಟ್ಟಿ ಬೆಳೆದ ಒಬ್ಬ ಸಹೋದರಿಯು ಜಿಲ್ಲಾ ಆಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿಯಾಗಿದ್ದಾಳೆ. ಆಕೆಗೆ ಕೂಡಲೇ ಫೋನು ಮಾಡಿ ಕಾಗದವನ್ನು ಓದಿ ಹೇಳಿದೆವು. “ಅಯ್ಯನವರೇ, ಆ ಸರ್ಟಿಫಿಕೇಟಿನಿಂದ ಕೌನ್ಸಿಲಿನ ದಾಖಲೆಯಲ್ಲಿ ಹೆಸರು ಏರುವದಿಲ್ಲ. ಹೆಸರು ಏರದಿದ್ದರೆ ಆಕೆ ನರ್ಸ್ ಅಲ್ಲ, ಸಹಾಯಕಿಯಾಗಿ ಕಡಿಮೆ ಸಂಬಳಕ್ಕೆ ದುಡಿಯುವಳು, ಅಷ್ಟೇ” ಎಂದು ಆಕೆ ಉತ್ತರ ಕೊಟ್ಟಳು. ತಂದೆಯವರು ಉತಾರವನ್ನು ಮಡಿಚಿ ಚೀಲದಲ್ಲಿಟ್ಟರು. ಹುಡುಗಿಯು ನೆಲವನ್ನು ನೋಡುತ್ತಾ ಕೂತಿದ್ದಳು.

ಇಂಥ ಕಾಗದಗಳು ಬೇರೆ ಗ್ರಾಮಗಳಿಗೂ ಬರುತ್ತಿರುವದರಿಂದ ಈ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಬರೆಯುವದು ಅಗತ್ಯವೆಂದು ನಮಗೆ ತೋರಿತು.

ನಮ್ಮ ದೇಶದಲ್ಲಿ ದಾಖಲೆಗೆ ಸಲ್ಲುವ ಶುಶ್ರೂಷಾ ವ್ಯಾಸಂಗಗಳು ಕೆಲವೇ. ಎರಡು ವರುಷದ್ದು ಎ.ಎನ್.ಎಂ.; ಹಳ್ಳಿಯವರು ನರ್ಸಮ್ಮನೆಂದು ಕರೆಯುವ ಉಪಕೇಂದ್ರದ ಆರೋಗ್ಯ ಸಹಾಯಕಿಯರು ಇದನ್ನು ಕಲಿತವರು. ಮೂರು ವರುಷದ್ದು ಜಿ.ಎನ್.ಎಂ. ಎಂಬ ಡಿಪ್ಲೊಮಾ. ನಾಲ್ಕು ವರುಷದ್ದು ಬಿ.ಎಸ್ಸಿ. ನರ್ಸಿಂಗ್ ಎಂಬ ಪದವಿ. ಪದವಿಗೆ ಸೇರಬೇಕಾದರೆ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷು ಇವುಗಳನ್ನು ಓದಿರಬೇಕು. ವಿಜ್ಞಾನದ ವಿಷಯಗಳಲ್ಲಿ ಒಟ್ಟಿಗೆ ನೂರಕ್ಕೆ 45 ಅಂಕಗಳೂ, ಪರಿಶಿಷ್ಟ ಜಾತಿ ಪಂಗಡದವರಿಗೆ 40 ಅಂಕಗಳೂ ಬಂದಿರಬೇಕು. ಆ ವರುಷದ ಡಿಸೆಂಬರ್ 31ಕ್ಕೆ ವಯಸ್ಸು 17 ತುಂಬಿರಬೇಕು. ಕರ್ನಾಟಕದಲ್ಲಿ ಸರಕಾರದ ಪಾಲಿನ ಸೀಟುಗಳನ್ನು ಈಚಿನ ವರುಷಗಳಲ್ಲಿ ಸಿ.ಇ.ಟಿ. ಪರೀಕ್ಷೆಯ ಮೂಲಕ ಹಂಚುತ್ತಾರೆ.

ಇಲ್ಲಿ ತಾಯಿತಂದೆಗಳು ಒಂದು ಮಾತನ್ನು ಗಮನಿಸತಕ್ಕದ್ದು. ಮಗಳು ಪದವಿಗೆ ಹೋಗುವಳೋ ಇಲ್ಲವೋ ಎಂಬದು ಪಿ.ಯು.ಸಿ. ಮುಗಿದ ಮೇಲೆ ನಿರ್ಣಯವಾಗುವದಲ್ಲ. ಹತ್ತನೆಯ ತರಗತಿ ಮುಗಿದ ದಿವಸವೇ ನಿರ್ಣಯವಾಗಿ ಹೋಗುತ್ತದೆ. ಹತ್ತಿರದ ಕಾಲೇಜಿನಲ್ಲಿ ಕಲಾ ವಿಭಾಗ ಮಾತ್ರ ಇದೆಯೆಂದು ಅದಕ್ಕೆ ಸೇರಿಸಿದವರು ಎರಡು ವರುಷಗಳ ಮೇಲೆ ನಮ್ಮ ಬಳಿಗೆ ಬಂದು ಅತ್ತದ್ದುಂಟು. ಅಂಥವರಿಗೂ ಬಾಗಿಲು ಪೂರಾ ಮುಚ್ಚಿಲ್ಲ. ಕಲಾ ವಿಭಾಗದವರು ಜಿ.ಎನ್.ಎಂ. ಕಲಿತು, ದಾಖಲೆಯಲ್ಲಿ ಹೆಸರನ್ನು ಏರಿಸಿಕೊಂಡು, ಆಮೇಲೆ ಎರಡು ವರುಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಬಹುದು. ದಾರಿಯು ಒಂದು ವರುಷ ಉದ್ದ.

ಈ ನಾಲ್ಕು ವರುಷಗಳಲ್ಲಿ ಕಲಿಯುವದೇನು? ರೋಗಿಯ ಹಾಸಿಗೆಯನ್ನು ಬದಲಿಸುವದಕ್ಕೂ ಸೂಜಿ ಚುಚ್ಚುವದಕ್ಕೂ ನಾಲ್ಕು ವರುಷ ಬೇಕೋ ಎಂದು ನಮ್ಮ ಹಿರಿಯರೊಬ್ಬರು ಕೇಳಿದರು. ಪ್ರಶ್ನೆಯು ಯುಕ್ತವಾದದ್ದೇ. ಜಿಲ್ಲಾ ಆಸ್ಪತ್ರೆಯ ಆ ಸಹೋದರಿಯು ಇದಕ್ಕೆ ಕೊಟ್ಟ ಉತ್ತರವನ್ನು ನಾವು ಮರೆಯಲಾರೆವು. “ನಮಗೆ ಮೊದಲು ಕಲಿಸುವದು ಎಣಿಸುವದನ್ನು” ಅಂದಳು.

ಆಕೆಯು ಹೇಳಿದ ದೃಷ್ಟಾಂತಗಳನ್ನೇ ಬರೆಯುತ್ತೇವೆ. ಒಬ್ಬ ರೋಗಿಗೆ 1,000 ಮಿಲಿಲೀಟರ್ ದ್ರವವನ್ನು 8 ತಾಸಿನಲ್ಲಿ ರಕ್ತನಾಳಕ್ಕೆ ಬಿಡಬೇಕೆಂದು ವೈದ್ಯರು ಬರೆದಿದ್ದಾರೆ. ಕೊಳವೆಯು 20 ಹನಿಗೆ ಒಂದು ಮಿಲಿಲೀಟರ್ ಬೀಳಿಸುವಂಥದ್ದು. ಹಾಗಾದರೆ ನಿಮಿಷಕ್ಕೆ ಎಷ್ಟು ಹನಿ? ಒಟ್ಟು 20,000 ಹನಿಗಳು. 8 ತಾಸು ಅಂದರೆ 480 ನಿಮಿಷಗಳು. ಭಾಗಿಸಿದರೆ ನಿಮಿಷಕ್ಕೆ ಸುಮಾರು 42. ಮುದುಕನ ಬಲಹೀನ ಹೃದಯಕ್ಕೆ ಅದು ಎರಡರಷ್ಟು ವೇಗದಲ್ಲಿ ಹರಿದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡೀತು. ಗಡಿಯಾರವನ್ನು ನೋಡುತ್ತಾ ಹನಿಗಳನ್ನು ಎಣಿಸಿ ತಿರುಗಣೆಯನ್ನು ಸರಿಮಾಡುವವಳು ನರ್ಸ್.

ಕೆಮ್ಮು ಜ್ವರ ಬಂದ ಕೂಸನ್ನು ತಾಯಿಯು ಎತ್ತಿಕೊಂಡು ಬರುತ್ತಾಳೆ. ನರ್ಸ್ ಕೂಸಿನ ಹೊಟ್ಟೆಯ ಮೇಲಿನ ಬಟ್ಟೆಯನ್ನು ಸರಿಸಿ ಪೂರಾ ಒಂದು ನಿಮಿಷ ಉಸಿರನ್ನು ಎಣಿಸುತ್ತಾಳೆ. ಎರಡು ತಿಂಗಳಿಂದ ಹನ್ನೊಂದು ತಿಂಗಳ ವರೆಗಿನ ಕೂಸಿಗೆ 50 ಅಥವಾ ಅದಕ್ಕಿಂತ ಹೆಚ್ಚು, ಒಂದು ವರುಷದಿಂದ ಐದು ವರುಷದ ಒಳಗಿನ ಮಗುವಿಗೆ 40 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಅದು ಬರಿಯ ನೆಗಡಿಯಲ್ಲ, ನ್ಯುಮೋನಿಯಾ ಇರಬಹುದೆಂದು ತಿಳಿಯತಕ್ಕದ್ದು. (ಈ ಎಣಿಕೆಯನ್ನು ತಾಯಂದಿರೂ ಕಲಿತಿರುವದು ಒಳ್ಳೇದು, ಕೂಸು ಅಳದೆ ಸುಮ್ಮನಿರುವಾಗ ಎಣಿಸಬೇಕು.)

ಹೆರಿಗೆಯ ಸಂಗತಿಯು ಇನ್ನೂ ಭಾರವಾದದ್ದು. ಮಗು ಹುಟ್ಟಿದ ಮೇಲೆ ತಾಯಿಯ ಗರ್ಭಕೋಶವು ಗಟ್ಟಿಯಾಗಿ ಮುದುಡಿಕೊಳ್ಳಬೇಕು. ಹಾಗಾದರೆ ಮಾತ್ರ ರಕ್ತ ನಿಲ್ಲುವದು. ನರ್ಸ್ ಮತ್ತೆ ಮತ್ತೆ ಬಂದು ಹೊಟ್ಟೆಯ ಮೇಲೆ ಕೈಯಿಟ್ಟು ನೋಡುತ್ತಾಳೆ. ಕೈಗೆ ಕಲ್ಲಿನ ಹಾಗೆ ಗಟ್ಟಿಯಾಗಿ ಸಿಕ್ಕಿದರೆ ಸಮಾಧಾನ. ನಾದಿದ ಹಿಟ್ಟಿನ ಹಾಗೆ ಮೆತ್ತಗಿದ್ದರೆ ಅಪಾಯ. ಆಗ ಒಂದು ನಿಮಿಷವನ್ನೂ ಕಳೆಯದೆ ಗರ್ಭಕೋಶವನ್ನು ಉಜ್ಜಿ ಗಟ್ಟಿ ಮಾಡುತ್ತಾ, ವೈದ್ಯರನ್ನು ಕೂಗಿ ಕರೆದು, ಆಕ್ಸಿಟೋಸಿನ್ ಔಷಧವನ್ನು ಸಿದ್ಧಮಾಡಿ, ಹೋದ ರಕ್ತವೆಷ್ಟೆಂದು ಅಳೆಯುತ್ತಾಳೆ. ಹಿಂದೆ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮಂದಿ ಬಾಣಂತಿಯರು ಹೀಗೆ ಸತ್ತಾಗ ದೆವ್ವ ಬಡಿಯಿತೆಂದು ಹೇಳುತ್ತಿದ್ದರು. ಮೆತ್ತಗಿದ್ದ ಗರ್ಭಕೋಶದ ಮೇಲೆ ತಿಳಿದ ಕೈಯೊಂದು ಇರಲಿಲ್ಲ.

ಹಾಗಾದರೆ ಈ ಕೈಯನ್ನು ತಯಾರಿಸುವದಕ್ಕೆ ಶರೀರರಚನೆ, ಶರೀರಕ್ರಿಯೆ, ರೋಗಾಣುಶಾಸ್ತ್ರ, ಆಹಾರಶಾಸ್ತ್ರ, ಮನಃಶಾಸ್ತ್ರ, ಔಷಧಶಾಸ್ತ್ರ, ಮಾನಸಿಕ ರೋಗಿಗಳ ಶುಶ್ರೂಷೆ, ಮಕ್ಕಳ ಶುಶ್ರೂಷೆ, ಗ್ರಾಮಾರೋಗ್ಯ, ಸಂಖ್ಯಾಶಾಸ್ತ್ರ ಇವುಗಳನ್ನೆಲ್ಲ ಎಂಟು ಸೆಮಿಸ್ಟರುಗಳಲ್ಲಿ ಕಲಿಸುತ್ತಾರೆ. ಕೊನೆಯ ಸೆಮಿಸ್ಟರು ಬಹುಮಟ್ಟಿಗೆ ಆಸ್ಪತ್ರೆಯ ವಾರ್ಡುಗಳಲ್ಲಿಯೇ ಕಳೆಯುತ್ತದೆ. ಪಾಠಗಳಿಗೆ ನೂರಕ್ಕೆ 80 ಹಾಜರಿ ಸಾಕು. ವಾರ್ಡಿನ ಕೆಲಸಕ್ಕೆ ಮಾತ್ರ ಪೂರಾ ನೂರು ತುಂಬಿಸದೆ ಪದವಿಯನ್ನು ಕೊಡುವದಿಲ್ಲ.

ಎಣಿಸುವದು ಈ ವಿದ್ಯೆಗೆ ಆರಂಭದಿಂದಲೂ ಸೇರಿದ್ದೇ. 1820ರಲ್ಲಿ ಹುಟ್ಟಿದ ಫ್ಲಾರೆನ್ಸ್ ನೈಟಿಂಗೇಲ್ ಎಂಬಾಕೆಯು ದೀಪ ಹಿಡಿದು ರೋಗಿಗಳ ನಡುವೆ ನಡೆದಳೆಂಬ ಕಥೆಯನ್ನು ಎಲ್ಲರೂ ಬಲ್ಲರು. 1854ರಲ್ಲಿ ಆಕೆಯು ತುರ್ಕಿ ದೇಶದ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೋದಾಗ ಸಿಪಾಯಿಗಳು ಗಾಯಗಳಿಗಿಂತ ಹೆಚ್ಚಾಗಿ ರೋಗಗಳಿಂದ ಸಾಯುತ್ತಿದ್ದರು. ಮರುವರುಷ ಚರಂಡಿಗಳನ್ನು ಶುದ್ಧಮಾಡಿದ ಮೇಲೆ ಮರಣಗಳು ಬಹಳ ಕಡಿಮೆಯಾದವು. ಆಕೆಯು ಸತ್ತವರ ಲೆಕ್ಕವನ್ನು ಚಿತ್ರಗಳಾಗಿ ಬರೆದು ಅಧಿಕಾರಿಗಳ ಮುಂದೆ ಇಟ್ಟಳು. 1858ರಲ್ಲಿ ಲಂಡನಿನ ಸಂಖ್ಯಾಶಾಸ್ತ್ರ ಸಂಘವು ಆಕೆಯನ್ನು ತನ್ನ ಮೊದಲನೆಯ ಸ್ತ್ರೀ ಸದಸ್ಯಳನ್ನಾಗಿ ಆರಿಸಿತು. 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ಶುಶ್ರೂಷಾ ಶಾಲೆಯು ಆರಂಭವಾಯಿತು. ದೀಪದಷ್ಟೇ ಲೆಕ್ಕದ ಪುಸ್ತಕವೂ ಆಕೆಯ ಗುರುತೆಂದು ನಮ್ಮ ಅಭಿಪ್ರಾಯ.

ನಮ್ಮ ದೇಶದಲ್ಲಿ ಹಿಂದೆ ರಕ್ತ, ಮಲ, ಹೆಣ ಇವುಗಳನ್ನು ಮುಟ್ಟುವದು ಮೈಲಿಗೆಯೆಂಬ ಭಾವನೆಯಿಂದ ಅನೇಕ ಕುಲಗಳವರು ಹೆಣ್ಣುಮಕ್ಕಳನ್ನು ಈ ಕೆಲಸಕ್ಕೆ ಕಳುಹಿಸುತ್ತಿರಲಿಲ್ಲ. ಆದಕಾರಣ ಮೊದಲ ತಲೆಮಾರಿನ ದಾದಿಯರಲ್ಲಿ ಬಹುಮಂದಿ ಕ್ರೈಸ್ತ ಮನೆತನಗಳವರು. ಮೈಸೂರಿನಲ್ಲಿ 1906ರಲ್ಲಿ ಆರಂಭವಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಉಡುಪಿಯಲ್ಲಿ ಡಾಕ್ಟರ್ ಇವಾ ಲೊಂಬಾರ್ಡ್ ಅವರು 1923ರಲ್ಲಿ ಆರಂಭಿಸಿದ ಆಸ್ಪತ್ರೆ ಮೊದಲಾದವುಗಳನ್ನು ನಮ್ಮ ಅಜ್ಜಿಯರ ಕಾಲದವರು ಬಲ್ಲರು. ವೆಲ್ಲೂರಿನಲ್ಲಿ ಡಾಕ್ಟರ್ ಐಡಾ ಸ್ಕಡರ್ ಅವರ ಆಸ್ಪತ್ರೆಯಲ್ಲಿ 1909ರಲ್ಲಿ ಶುಶ್ರೂಷಾ ಶಾಲೆಯು ಹುಟ್ಟಿತು. 1946ರಲ್ಲಿ ಅಲ್ಲಿಯೂ ದೆಹಲಿಯಲ್ಲಿಯೂ ಪದವಿಯ ವ್ಯಾಸಂಗವು ಮೊದಲಾಯಿತು. ಈಗ ಎಲ್ಲಾ ಮತಗಳ ಹುಡುಗಿಯರೂ ಈ ಕಾಲೇಜುಗಳಲ್ಲಿ ಓದುತ್ತಾರೆ. ಗಂಡುಹುಡುಗರೂ ಓದುತ್ತಾರೆ, ಅದು ಹೆಂಗಸರ ಕೆಲಸವೆಂದು ನಗುವವರು ನಿಲ್ಲಲಾರದ ಗಂಡಸನ್ನು ಹಾಸಿಗೆಯಿಂದ ಎತ್ತಿ ನೋಡಲಿ.

ಪದವಿಯ ಮೇಲೆ ಯಾವ ಕೆಲಸಗಳುಂಟು? ನಮಗೆ ಎಲ್ಲಕ್ಕಿಂತ ಸಮೀಪವಾದದ್ದು ಹಳ್ಳಿಯ ಉಪಕೇಂದ್ರ. ಬಯಲುಸೀಮೆಯಲ್ಲಿ 5,000, ಗುಡ್ಡಗಾಡಿನಲ್ಲಿ 3,000 ಜನರಿಗೆ ಒಂದರಂತೆ ಇರುವ ಈ ಕೇಂದ್ರಗಳಲ್ಲಿ 2018ರಿಂದೀಚೆಗೆ ಸಮುದಾಯ ಆರೋಗ್ಯ ಅಧಿಕಾರಿ ಎಂಬ ಹುದ್ದೆಯನ್ನು ಉಂಟುಮಾಡಿದ್ದಾರೆ. ಬಿ.ಎಸ್ಸಿ. ನರ್ಸಿಂಗ್ ಕಲಿತವರು ಇದಕ್ಕೆ ಸಲ್ಲುತ್ತಾರೆ. ರಕ್ತದೊತ್ತಡ, ಸಕ್ಕರೆ ರೋಗ ಇವುಗಳನ್ನು ಪರೀಕ್ಷಿಸಿ ಔಷಧ ಕೊಡುವದು, ಅಪಾಯದ ರೋಗಿಯನ್ನು ತಡಮಾಡದೆ ದೊಡ್ಡ ಆಸ್ಪತ್ರೆಗೆ ಕಳುಹಿಸುವದು ಆಕೆಯ ಕೆಲಸ. ಆದರೆ ಈ ಹುದ್ದೆಯು ಗುತ್ತಿಗೆಯ ಮೇಲಿನದು. ಇದನ್ನು ಮುಚ್ಚಿಟ್ಟು ಹೇಳಬಾರದು.

ಸರಕಾರದ ಆಸ್ಪತ್ರೆಗಳಲ್ಲಿ ಖಾಯಂ ಹುದ್ದೆಗಳು ಸ್ಪರ್ಧೆಯಿಂದ ಸಿಕ್ಕುತ್ತವೆ. ಸೈನ್ಯದ ಶುಶ್ರೂಷಾ ಸೇವೆಯು ನೀಟ್ ಪರೀಕ್ಷೆ ಬರೆದ ಅವಿವಾಹಿತ ಹುಡುಗಿಯರನ್ನು ಆರಿಸಿ, ತನ್ನ ಕಾಲೇಜುಗಳಲ್ಲಿ ಸರಕಾರದ ಖರ್ಚಿನಿಂದಲೇ ಬಿ.ಎಸ್ಸಿ. ಕಲಿಸಿ, ಲೆಫ್ಟಿನೆಂಟರನ್ನಾಗಿ ಮಾಡುತ್ತದೆ. ಬಡವರ ಜಾಣ ಮಗಳಿಗೆ ಇದಕ್ಕಿಂತ ಒಳ್ಳೇ ಅವಕಾಶ ಅಪರೂಪ. ಬೋಧಿಸುವ ಮನಸ್ಸಿದ್ದವರು ಒಂದು ವರುಷ ಕೆಲಸ ಮಾಡಿ ಎರಡು ವರುಷದ ಎಂ.ಎಸ್ಸಿ. ಓದಬಹುದು. ಪರದೇಶಕ್ಕೆ ಹೋಗುವವರು ಇಂಗ್ಲಂಡಿಗಾದರೆ ಭಾಷಾಪರೀಕ್ಷೆಯನ್ನೂ ಕೈಕೆಲಸದ ಪರೀಕ್ಷೆಯನ್ನೂ, ಅಮೇರಿಕಕ್ಕಾದರೆ ಎನ್‌ಕ್ಲೆಕ್ಸ್ ಎಂಬ ಪರೀಕ್ಷೆಯನ್ನೂ ದಾಟಬೇಕು. ಹಣ ಕೊಟ್ಟರೆ ಪರೀಕ್ಷೆಯಿಲ್ಲದೆ ಕಳುಹಿಸುತ್ತೇನೆ ಅನ್ನುವವನನ್ನು ಅಂಗಳದಿಂದಲೇ ಕಳುಹಿಸಿಬಿಡಿರಿ.

ಖಾಸಗಿ ಆಸ್ಪತ್ರೆಗಳ ಮೊದಲನೆಯ ಸಂಬಳವು ಅನೇಕ ಕಡೆ ಕಡಿಮೆ. 50 ಮಂಚಗಳಿಗಿಂತ ಚಿಕ್ಕ ಆಸ್ಪತ್ರೆಯಲ್ಲಿಯೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದು ಕೇಂದ್ರ ಸರಕಾರದ ಸಮಿತಿಯು 2016ರಲ್ಲಿ ಶಿಫಾರಸು ಮಾಡಿತು. ಶಿಫಾರಸು ಆಜ್ಞೆಯಲ್ಲ. ಆದದರಿಂದ ದೊಡ್ಡ ಸಾಲವನ್ನು ಮಾಡಿದವರು ಮೊದಲ ಸಂಬಳದಿಂದಲೇ ಅದನ್ನು ತೀರಿಸಬಹುದೆಂದು ನಂಬಬಾರದು.

ಇನ್ನು ಕಾಲೇಜನ್ನು ಆರಿಸುವ ಸಂಗತಿ. ಕರ್ನಾಟಕದಲ್ಲಿ ನರ್ಸಿಂಗ್ ಕಾಲೇಜುಗಳು ಬಹಳ. ಸ್ವಂತ ವಿಶ್ವವಿದ್ಯಾಲಯವೆನಿಸಿಕೊಂಡ ಕೆಲವನ್ನು ಬಿಟ್ಟರೆ ಉಳಿದವು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿರಬೇಕು. ಅದರ ಪಟ್ಟಿಯಲ್ಲಿಯೂ ಭಾರತೀಯ ನರ್ಸಿಂಗ್ ಕೌನ್ಸಿಲಿನ ಪಟ್ಟಿಯಲ್ಲಿಯೂ ಆ ವರುಷಕ್ಕೆ ಕಾಲೇಜಿನ ಹೆಸರು ಉಂಟೋ ಎಂದು ಓದಬಲ್ಲ ಒಬ್ಬರಿಂದ ನೋಡಿಸಿರಿ. ಆಮೇಲೆ ಸ್ವತಃ ಹೋಗಿ, “ನಿಮ್ಮ ಆಸ್ಪತ್ರೆ ಯಾವದು? ಮಂಚಗಳು ಎಷ್ಟು? ರೋಗಿಗಳು ಇದ್ದಾರೋ?” ಎಂದು ಕೇಳಿರಿ. ಕಟ್ಟಡ ಚೆನ್ನಾಗಿದ್ದು ರೋಗಿಗಳಿಲ್ಲದ ಕಾಲೇಜಿನಲ್ಲಿ ಕಲಿತವಳು ಬೊಂಬೆಯ ಹೊಟ್ಟೆಯ ಮೇಲೆ ಮಾತ್ರ ಕೈಯಿಟ್ಟು ನೋಡಿರುವಳು. ಮೂಲ ಅಂಕಪಟ್ಟಿಗಳನ್ನು ತೋರಿಸಿದ ಮೇಲೆ ಹಿಂದಕ್ಕೆ ತಕ್ಕೊಳ್ಳಿರಿ. ನಮ್ಮ ಪರಿಚಯದ ಒಬ್ಬಳು ಅವುಗಳನ್ನು ಬಿಡಿಸಿಕೊಳ್ಳುವದಕ್ಕೆ ಹನ್ನೊಂದು ತಿಂಗಳು ಅಲೆದಾಡಿದಳು.

ಹಣದ ವಿಷಯದಲ್ಲಿಯೂ ಹೊಲದ ಹೊರತು ಬೇರೆ ದಾರಿಗಳುಂಟು. ಬ್ಯಾಂಕುಗಳ ವಿದ್ಯಾಸಾಲದ ಮಾದರಿ ಯೋಜನೆಯಲ್ಲಿ 4 ಲಕ್ಷ ರೂಪಾಯಿಗಳ ವರೆಗೆ ಆಸ್ತಿಯ ಅಡವು ಬೇಡ. ತಂದೆ ಅಥವಾ ತಾಯಿಯ ಜೊತೆ ಸಹಿ ಸಾಕು. ಪರಿಶಿಷ್ಟ, ಹಿಂದುಳಿದ, ಅಲ್ಪಸಂಖ್ಯಾತ ವರ್ಗಗಳ ವಿದ್ಯಾರ್ಥಿವೇತನಗಳಿಗೆ ರಾಜ್ಯ ಸರಕಾರದ ವಿದ್ಯಾರ್ಥಿವೇತನ ತಾಣದಲ್ಲಿ ಅರ್ಜಿ ಹಾಕಬೇಕು. ಜಾತಿ, ಆದಾಯದ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಮುಂಚಿತವಾಗಿ ಮಾಡಿಸಿಟ್ಟುಕೊಳ್ಳತಕ್ಕದ್ದು.

ನಮ್ಮ ಬಳಿಗೆ ಬಂದ ಆ ಹುಡುಗಿಯು ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರವನ್ನು ಓದಿದ್ದಳು; ಆದರೆ ಸಿ.ಇ.ಟಿ.ಗೆ ಅರ್ಜಿ ಹಾಕಬೇಕೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಒಂದು ವರುಷ ಹೋಯಿತು. ಆ ವರುಷವೆಲ್ಲಾ ಆಕೆಯು ಮನೆಯ ಕೆಲಸ ಮುಗಿಸಿ ರಾತ್ರಿ ಓದಿ, ಈ ಸಾರಿ ಪರೀಕ್ಷೆಯನ್ನು ಬರೆದಿದ್ದಾಳೆ. ಸೀಟಿನ ಪಟ್ಟಿಯನ್ನು ಕಾಯುತ್ತಿದ್ದಾಳೆ. ಮೊನ್ನೆ ನಾವು ಅವರ ಮನೆಗೆ ಹೋದಾಗ ಹನಿಗಳ ಲೆಕ್ಕವನ್ನು ಆಕೆಯ ಮುಂದಿಟ್ಟೆವು. ಆಕೆಯು ಕಾಗದವಿಲ್ಲದೆ ಬೆರಳು ಮಡಿಚಿ ನಾಲ್ವತ್ತೆರಡು ಅಂದಳು. ತಂದೆಯವರು ಹೊಲದಲ್ಲಿದ್ದರು. ಆ ಎರಡು ಎಕರೆಯಲ್ಲಿ ಈ ಮುಂಗಾರಿಗೆ ಹೆಸರು ಬಿತ್ತಿದ್ದಾರೆ.