ವಿಮಾನ ಹೋದ ಮೇಲೆ ನೆಲದ ಗತಿ

ಚಿಕ್ಕ ವಿಮಾನ ಇಳಿಯಲು ಕಾಂಕ್ರೀಟೇ ಬೇಕೆಂದಿಲ್ಲ. ಹುಲ್ಲು ಬೆಳೆದ ಸಮನಾದ ಬಯಲು ಸಾಕು. ಇಂಥ ನಿಲ್ದಾಣ ಮುಚ್ಚಿದ ಮೇಲೆ ಆ ನೆಲ ಏನಾಗುವುದೆಂಬುದನ್ನು ರೈತರಾದ ನಾವು ತಿಳಿದಿರಬೇಕು.

ಲಂಡನ್ನಿನ ಪಶ್ಚಿಮಕ್ಕೆ ಹೀಥ್ರೋ ಎಂಬ ಹಳ್ಳಿಯಿತ್ತು. ಸುತ್ತಲೂ ನಗರಕ್ಕೆ ತರಕಾರಿ ಒದಗಿಸುವ ತೋಟಗಳು. ಫೇರಿ ಎಂಬ ವಿಮಾನ ಕಂಪನಿ 1930ರಲ್ಲಿ ಅಲ್ಲಿ ತನ್ನದೇ ಹುಲ್ಲು ನಿಲ್ದಾಣ ತೆರೆಯಿತು. 1944ರಲ್ಲಿ ಸರಕಾರ ಅದನ್ನು ವಶಪಡಿಸಿಕೊಂಡಿತು. ಹಳ್ಳಿಯೂ ತೋಟಗಳೂ ದೊಡ್ಡ ವಿಮಾನ ನಿಲ್ದಾಣದ ಪಾಲಾದವು. ಅದೇ ಲಂಡನ್ನಿನ ಕ್ರಾಯ್ಡನ್ ನಿಲ್ದಾಣ 1959ರಲ್ಲಿ ಮುಚ್ಚಿತು. ಒಂದು ಭಾಗದಲ್ಲಿ ಮನೆಗಳೆದ್ದವು, ಒಂದು ಭಾಗ ಹುಲ್ಲುಗಾವಲಾಗಿಯೇ ಉಳಿಯಿತು. ಹುಲ್ಲಾಗಿ ಉಳಿದ ನೆಲಕ್ಕೆ ಮಾತ್ರ ನೇಗಿಲಿನ ಆಸೆಯುಂಟು.

ಆದರೆ ರೋಲರು ಉರುಳಿದ ನೆಲ ನಮ್ಮ ಒಕ್ಕಣೆಯ ಕಣದಂತೆ ಬಿಗಿದಿರುತ್ತದೆ. ಮಣ್ಣಿನೊಳಗಿನ ಗಾಳಿ ಹೋಗಿ ನೀರು ಇಂಗದು, ಬೇರು ಇಳಿಯದು. ಕಂಬಂ ಕಣಿವೆಯಲ್ಲಾಗಲಿ ದಿಂಡಿಗಲ್ಲಿನ ಕಡೆಯಾಗಲಿ, ಲಾರಿ ಟ್ರಾಕ್ಟರು ಓಡಾಡಿದ ಹೊಲಕ್ಕೂ ಇದೇ ರೋಗ.

ಇದಕ್ಕೆ ಮಾಡತಕ್ಕದ್ದೇನೆಂದರೆ: ಗೇಣುದ್ದದ ಗುಂಡಿ ತೋಡಿ ನೀರು ಹೊಯ್ಯಿರಿ. ಮರುದಿನವೂ ನೀರು ನಿಂತಿದ್ದರೆ ಒಳಪದರ ಬಿಗಿದಿದೆಯೆಂದು ತಿಳಿಯಿರಿ. ಬೇಸಿಗೆಯಲ್ಲಿ ನೆಲ ಒಣಗಿದ್ದಾಗ ಆಳವಾಗಿ ಸೀಳಿಸಿರಿ. ಹಸಿಯಲ್ಲಿ ಸೀಳಿಸಿದರೆ ಮಣ್ಣು ಒಡೆಯದೆ ಮೆತ್ತಿಕೊಳ್ಳುತ್ತದೆ. ಮಳೆ ಬಿದ್ದೊಡನೆ ಸೆಣಬು ಬಿತ್ತಿ, ಹೂ ಬಿಡುವಾಗ ಉತ್ತು ಮಣ್ಣಿಗೆ ಸೇರಿಸಿರಿ. ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಕೊಡಿರಿ. ಒಂದೇ ವರ್ಷಕ್ಕೆ ಫಲ ಕಾಣದಿದ್ದರೆ ಕೈಬಿಡಬೇಡಿರಿ.

ಬಿಗಿದ ಹೊಲವನ್ನು ಬಂಜರೆಂದು ಬಗೆದು ನಿವೇಶನಕ್ಕೆ ಮಾರುವ ಮುನ್ನ ಈ ಗುಂಡಿಯ ಪರೀಕ್ಷೆಯನ್ನಾದರೂ ಮಾಡಿ ನೋಡೋಣ. ಮನೆಗಳೆದ್ದ ಮೇಲೆ ಆ ನೆಲ ನಮ್ಮ ಮಕ್ಕಳಿಗೆ ಅನ್ನ ಕೊಡಲಾರದು.