ಕಚೇರಿಯ ಗಣಕಜಾಲಕ್ಕೆ ನಿಸ್ತಂತು ರೂಟರ್ ಜೋಡಣೆ

2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬುಗಳು ಸ್ಫೋಟಿಸಿದವು. ಮುಂದಿನ ದಿನಗಳಲ್ಲಿ ಸೂರತ್ತಿನಲ್ಲಿ ಸಿಡಿಯದ ಬಾಂಬುಗಳು ಪತ್ತೆಯಾದವು. ಸ್ಫೋಟಕ್ಕೆ ಕೆಲವೇ ನಿಮಿಷಗಳ ಮುನ್ನ ಸುದ್ದಿವಾಹಿನಿಗಳಿಗೆ ಬಂದಿದ್ದ ಇ-ಮೇಲ್‌ನ ಜಾಡು ತನಿಖಾಧಿಕಾರಿಗಳನ್ನು ನವಿ ಮುಂಬಯಿಯ ಮನೆಯೊಂದಕ್ಕೆ ಕರೆದೊಯ್ದಿತು. ಅಲ್ಲಿನ ನಿಸ್ತಂತು ಸಂಪರ್ಕಕ್ಕೆ ಭದ್ರತೆಯಿರಲಿಲ್ಲ. ಹೊರಗಿನವರು ಅದನ್ನು ಬಳಸಿಕೊಂಡಿದ್ದರು.

ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಾಗಲಿ ಬೇರೆಡೆಯಾಗಲಿ, ತಂತಿಜಾಲವಿರುವ ಕಚೇರಿಗೆ ಇಂಥ ರೂಟರನ್ನು ಸೇರಿಸುವಾಗ ಅದನ್ನು ತಂದೊಡನೆ ಜಾಲಕ್ಕೆ ಸಿಕ್ಕಿಸಲಾಗದು. ಮೊದಲು ಒಂದೇ ಗಣಕಯಂತ್ರಕ್ಕೆ ಜೋಡಿಸಿ, ತಯಾರಕರು ಕೊಟ್ಟ ಪಾಸ್‌ವರ್ಡನ್ನು ಬದಲಿಸಬೇಕು. ಬಳಿಕ ಡಿ.ಎಚ್.ಸಿ.ಪಿ. ಸೌಲಭ್ಯವನ್ನು ನಿಲ್ಲಿಸಬೇಕು. ಪ್ರತಿ ಯಂತ್ರಕ್ಕೂ ಜಾಲದೊಳಗಿನ ವಿಳಾಸವನ್ನು ಹಂಚುವುದು ಈ ಸೌಲಭ್ಯದ ಕೆಲಸ. ಹಳೆಯ ರೂಟರ್ ಈಗಾಗಲೇ ಅದನ್ನು ಮಾಡುತ್ತಿರುತ್ತದೆ; ಒಂದೇ ಬೀದಿಗೆ ಇಬ್ಬರು ಮನೆಸಂಖ್ಯೆ ಬರೆಯತೊಡಗಿದರೆ ಅಂಚೆ ದಾರಿತಪ್ಪುವಂತೆ, ಇಬ್ಬರು ಹಂಚಿದಾಗ ಕೆಲವು ಗಣಕಗಳಿಗೆ ಮುದ್ರಕವಾಗಲಿ ಅಂತರಜಾಲವಾಗಲಿ ದೊರೆಯದೆ ಹೋಗಬಹುದು. ಹಳೆಯ ರೂಟರಿನ ವಿಳಾಸ 192.168.1.1 ಆಗಿದ್ದರೆ, ಹೊಸದಕ್ಕೆ ಹಂಚಿಕೆಯ ಪಟ್ಟಿಯಲ್ಲಿಲ್ಲದ, ಉದಾಹರಣೆಗೆ 192.168.1.2, ಎಂಬ ವಿಳಾಸವನ್ನು ಕೊಡಬಹುದು. ತಂತಿಯನ್ನು 'ವ್ಯಾನ್' ಕಿಂಡಿಗಲ್ಲ, 'ಲ್ಯಾನ್' ಕಿಂಡಿಗೆ ಸೇರಿಸತಕ್ಕದ್ದು. ಹಲವರು ಎಡವುವುದು ಇಲ್ಲಿಯೇ.

ಕಬ್ಬಿಣದ ಬೀರುಗಳ ಮರೆಯಲ್ಲಿ ರೂಟರನ್ನು ಇಡಬಾರದು.

ಭದ್ರತೆಗೆ ಡಬ್ಲ್ಯು.ಪಿ.ಎ. 2 ಅಥವಾ 3 ವಿಧಾನವನ್ನೇ ಆರಿಸಬೇಕು, ಹಳೆಯ ಡಬ್ಲ್ಯು.ಇ.ಪಿ. ವಿಧಾನವನ್ನು ಸುಲಭವಾಗಿ ಭೇದಿಸಬಹುದು. ಪಾಸ್‌ವರ್ಡ್ ದೀರ್ಘವಾಗಿರಲಿ. ಕಚೇರಿಯ ಹೆಸರೇ ಪಾಸ್‌ವರ್ಡ್ ಆಗಿರುವುದುಂಟು. ಅದು ಬೀಗದ ಮೇಲೆಯೇ ಕೀಲಿಕೈಯನ್ನು ತೂಗುಹಾಕಿದಂತೆ. ಸಂದರ್ಶಕರಿಗೆ ಕಡತಗಳ ಗಣಕಗಳನ್ನು ತಲುಪಲಾಗದ ಪ್ರತ್ಯೇಕ ಸಂಪರ್ಕವನ್ನು ಕಲ್ಪಿಸಬೇಕು. ನೌಕರರು ವರ್ಗವಾಗಿ ಹೋದಾಗ ಪಾಸ್‌ವರ್ಡನ್ನು ಬದಲಿಸಬೇಕು.