ಜೇಬಿನ ಚಾಕು: ಕೊಳ್ಳುವ ಮುನ್ನ ಒಂದಿಷ್ಟು ಕಿವಿಮಾತು

ಮಗಳೇ, ದಿನಾ ಜೊತೆಗಿಟ್ಟುಕೊಳ್ಳೋಕೆ ಒಂದು ಸಣ್ಣ ಚಾಕು ಬೇಕು, ಯಾವುದು ತಗೊಳ್ಳಲಿ ದೊಡ್ಡಪ್ಪ ಎಂದು ಕೇಳಿದ್ದೀಯ. ವಾರವೆಲ್ಲ ಬೆಂಗಳೂರಿನ ಆಫೀಸು, ರಜೆ ಸಿಕ್ಕರೆ ಸಾಗರದ ತೋಟ. ಎರಡು ಕಡೆಗೂ ಒಂದೇ ಚಾಕು ಸಾಕಾಗಬೇಕೆಂದರೆ ಸ್ವಲ್ಪ ಯೋಚಿಸಿಯೇ ಕೊಳ್ಳಬೇಕು. ನನ್ನ ಮಾತಿನ ಸಾರ ಇಷ್ಟು: ಅಂದುಕೊಂಡಿದ್ದಕ್ಕಿಂತ ಒಂದು ಅಳತೆ ಚಿಕ್ಕದನ್ನೇ ತಗೋ, ತಗೊಂಡದ್ದನ್ನು ಹರಿತವಾಗಿಟ್ಟುಕೋ. ದೊಡ್ಡ ಚಾಕು ನಾಲ್ಕು ದಿನ ಬ್ಯಾಗಿನಲ್ಲಿದ್ದು ಐದನೇ ದಿನ ಮೇಜಿನ ಡ್ರಾಯರ್ ಸೇರುತ್ತದೆ. ಸಣ್ಣದು ಜೊತೆಯಲ್ಲೇ ಉಳಿಯುತ್ತದೆ.

ಕೊಳ್ಳುವ ಮೊದಲು

• ಕೆಲಸದ ಪಟ್ಟಿ ಮಾಡು. ಒಂದು ವಾರ ಸುಮ್ಮನೆ ಗಮನಿಸು, ಯಾವ್ಯಾವಾಗ ‘ಛೇ, ಒಂದು ಚಾಕು ಇದ್ದಿದ್ದರೆ’ ಅನ್ನಿಸುತ್ತದೆ ಅಂತ. ಪಾರ್ಸೆಲ್ಲಿನ ಟೇಪು, ಹಾಲಿನ ಪ್ಯಾಕೆಟ್ಟು, ಸೀಬೆಹಣ್ಣು, ಪೆನ್ಸಿಲ್ಲಿನ ಮೊನೆ, ಗೊಬ್ಬರದ ಚೀಲದ ಹೊಲಿಗೆ, ಹನಿ ನೀರಾವರಿಯ 16 ಎಂ.ಎಂ. ಪೈಪು, ಬಳ್ಳಿಗೆ ಕಟ್ಟಿದ ಪ್ಲಾಸ್ಟಿಕ್ ದಾರ. ಇವುಗಳಲ್ಲಿ ಯಾವುದಕ್ಕೂ ಎರಡೂವರೆ ಇಂಚಿಗಿಂತ ಉದ್ದದ ಅಲಗು ಬೇಕಿಲ್ಲ. ಎಳನೀರು ಕೆತ್ತಲು ಕತ್ತಿಯಿದೆ, ಅಡಿಕೆ ಸುಲಿಯಲು ಮೆಟ್ಟುಗತ್ತಿಯಿದೆ, ಪಲ್ಯಕ್ಕೆ ಹೆಚ್ಚಲು ಈಳಿಗೆಮಣೆಯಿದೆ. ಅವುಗಳ ಕೆಲಸವನ್ನು ಜೇಬಿನ ಚಾಕಿಗೆ ಹಚ್ಚಬೇಡ.

• ಅಲಗು ಏಳು ಸೆಂಟಿಮೀಟರ್ ದಾಟದಿರಲಿ. ನಮ್ಮ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿರುವ ಚಾಕು, ಖಡ್ಗ, ಭರ್ಜಿಗಳು ಆಯುಧದ ಪಟ್ಟಿಗೆ ಸೇರುತ್ತವೆ; ಮನೆಗೆಲಸಕ್ಕೆ, ಬೇಸಾಯಕ್ಕೆ ಎಂದೇ ಮಾಡಿದವು ಅದರಿಂದ ಹೊರಗೆ. ಹಣ್ಣು ಕತ್ತರಿಸುವ ಮಡಚು ಚಾಕು ಆ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಆದರೆ ಊರಿಂದೂರಿಗೆ ಕಟ್ಟಳೆ ಬೇರೆ. ದೆಹಲಿಯಲ್ಲಿ 1980ರಿಂದ ಒಂದು ಅಧಿಸೂಚನೆಯಿದೆ: ಬಟನ್, ಸ್ಪ್ರಿಂಗಿನಿಂದ ತೆರೆಯುವ ಚಾಕುವಿನ ಅಲಗು 7.62 ಸೆಂ.ಮೀ. ಉದ್ದ, 1.72 ಸೆಂ.ಮೀ. ಅಗಲ ಮುಟ್ಟಿದರೆ ಅದಕ್ಕೆ ಪರವಾನಗಿಯ ಕಟ್ಟಳೆ ಅನ್ವಯಿಸುತ್ತದೆ. ಬ್ರಿಟನ್ನಿನಲ್ಲೂ ಅದೇ ಅಳತೆ, ಅಂದರೆ 3 ಇಂಚು. ಅಷ್ಟರೊಳಗಿನ, ಲಾಕ್ ಇಲ್ಲದ ಮಡಚು ಚಾಕನ್ನು ಅಲ್ಲಿ ಕಾರಣ ಹೇಳದೆ ಜೊತೆಗಿಟ್ಟುಕೊಳ್ಳಬಹುದು. ಲಾಕ್ ಇದ್ದರೆ ಈ ರಿಯಾಯಿತಿ ಇಲ್ಲ. ನಿನ್ನ ತಮ್ಮ ಅಲ್ಲಿ ಓದುತ್ತಿದ್ದಾನಲ್ಲ, ಅವನಿಗೂ ಒಂದು ಕಳಿಸುವ ಯೋಚನೆಯಿದ್ದರೆ ಇದು ನೆನಪಿರಲಿ.

• ಬಟನ್ ಚಾಕು ಬೇಡವೇ ಬೇಡ. ಸಿನಿಮಾದ ಖಳನಾಯಕರು ಟಪ್ಪನೆ ತೆರೆಯುತ್ತಾರಲ್ಲ, ಆ ಜಾತಿಯದು. ಅದರಿಂದ ಸೀಬೆಹಣ್ಣು ಹೆಚ್ಚಿದರೂ ನೋಡುವವರಿಗೆ ದಿಗಿಲು. ಕಪ್ಪು ಬಣ್ಣ ಬಳಿದು ಗರಗಸದ ಹಲ್ಲು ಇಟ್ಟ ಚಾಕುಗಳಿಗೂ ಇದೇ ಮಾತು.

• ಆತ್ಮರಕ್ಷಣೆಗೆ ಎಂದು ಕೊಳ್ಳಬೇಡ. ಇದು ಹೆಣ್ಣುಮಗಳು ಎಂದು ಹೇಳುತ್ತಿರುವುದಲ್ಲ, ನಿನ್ನ ಅಣ್ಣನಿಗೂ ಇದನ್ನೇ ಹೇಳಿದ್ದೆ. ಜಗಳದಲ್ಲಿ ಹೊರತೆಗೆದ ಚಾಕು ಯಾರ ಕೈ ಸೇರುತ್ತದೋ ಹೇಳಲಾಗದು, ಆಮೇಲೆ ಪೊಲೀಸರ ಮುಂದೆ ಲೆಕ್ಕ ಒಪ್ಪಿಸುವುದೂ ಸುಲಭವಲ್ಲ. ಭಯವಾದರೆ ಜನ ಇರುವ ಕಡೆ ಓಡು, 112ಕ್ಕೆ ಫೋನ್ ಮಾಡು.

• ಸ್ಟೇನ್‌ಲೆಸ್ಸೋ, ಕಾರ್ಬನ್ ಉಕ್ಕೋ? ನಿನಗೆ ಸ್ಟೇನ್‌ಲೆಸ್. ಉಕ್ಕಿನಲ್ಲಿ ಶೇ. 10.5ಕ್ಕಿಂತ ಹೆಚ್ಚು ಕ್ರೋಮಿಯಂ ಇದ್ದರೆ ಅದು ಮೇಲೊಂದು ತೆಳುಪೊರೆ ಕಟ್ಟಿ ತುಕ್ಕು ತಡೆಯುತ್ತದೆ. ಕಾರ್ಬನ್ ಉಕ್ಕು ಸಾದಾ ಕಲ್ಲಿನ ಮೇಲೂ ಬೇಗ ಹರಿತವಾಗುತ್ತದೆ, ನಿಜ. ಆದರೆ ಹಸಿ ಅಡಿಕೆಯನ್ನೋ ಬಾಳೆದಿಂಡನ್ನೋ ಕತ್ತರಿಸಿ ಒರೆಸದೆ ಇಟ್ಟು ನೋಡು, ಚೊಗರು ಕಬ್ಬಿಣದ ಜೊತೆ ಸೇರಿ ಅಲಗು ಮಸಿಯಂತೆ ಕಪ್ಪಾಗುತ್ತದೆ. ಕಪ್ಪಾದರೆ ಕೆಟ್ಟಿತು ಎಂದಲ್ಲ, ಕೆಂಪಗೆ ಹುಡಿಯೇಳುವ ತುಕ್ಕು ಮಾತ್ರ ಕೆಟ್ಟದ್ದು. ನಮ್ಮ ಆಷಾಢದ ಮಳೆಯಲ್ಲಿ ದಿನಾ ಒರೆಸಿ ಎಣ್ಣೆ ಸವರುವ ವ್ಯವಧಾನ ಇರುವವರಿಗೆ ಕಾರ್ಬನ್ ಉಕ್ಕು ಇರಲಿ. ಇನ್ನು, ದುಬಾರಿ ಪೌಡರ್ ಉಕ್ಕಿನ ಹೆಸರು ಹೇಳಿ ಯಾರಾದರೂ ಆಸೆ ಹುಟ್ಟಿಸಿದರೆ ಕಿವಿಗೊಡಬೇಡ. ಅದು ಮೊಂಡಾಗುವುದು ನಿಧಾನ, ಆದರೆ ಮೊಂಡಾದ ಮೇಲೆ ಮನೆಯ ಕಲ್ಲಿಗೆ ಬಗ್ಗುವುದಿಲ್ಲ.

• ಲಾಕ್ ಬೇಕೋ ಬೇಡವೋ? ಸಾದಾ ಮಡಚು ಚಾಕಿನಲ್ಲಿ ಹಿಡಿಯ ಬೆನ್ನಿನ ಸ್ಪ್ರಿಂಗ್ ಪಟ್ಟಿಯೇ ಅಲಗನ್ನು ಬಿಗಿಹಿಡಿದಿರುತ್ತದೆ. ಕೊಯ್ಯುವಾಗ ತೊಂದರೆಯಿಲ್ಲ. ಮೊನೆಯಿಂದ ಚುಚ್ಚಿದಾಗ, ಇಲ್ಲವೇ ಅಲಗಿನ ಬೆನ್ನಿಗೆ ಪೆಟ್ಟು ಬಿದ್ದಾಗ ಅಲಗು ಫಟ್ಟನೆ ಮಡಚಿ ಬೆರಳಿಗೇ ಬರುತ್ತದೆ. ಲಾಕ್ ಇದ್ದರೆ ಆ ಅಪಾಯ ಕಡಿಮೆ. ಆದರೂ ಒಳಗಿನ ತೆಳು ಪಟ್ಟಿಯನ್ನು ಹೆಬ್ಬೆರಳಿನಿಂದ ಸರಿಸಿ ಮುಚ್ಚುವ ಲಾಕ್‌ನಲ್ಲಿ ಆ ಹೆಬ್ಬೆರಳು ಅಲಗಿನ ದಾರಿಯಲ್ಲೇ ಇರುತ್ತದೆ. ಅಭ್ಯಾಸವಾಗುವ ತನಕ ನಿಧಾನವಾಗಿ ಮುಚ್ಚು. ಆಫೀಸಿನ ಕೆಲಸಕ್ಕೆ ಲಾಕ್ ಇಲ್ಲದ್ದೇ ಸಾಕು.

ಎರಡು ಹೆಸರು

• ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್. ಕಾರ್ಲ್ ಎಲ್ಸೆನರ್ 1884ರಲ್ಲಿ ಇಬಾಕ್ ಎಂಬ ಊರಲ್ಲಿ ಕಾರ್ಯಾಗಾರ ತೆರೆದು, 1891ರಲ್ಲಿ ಸ್ವಿಸ್ ಸೈನ್ಯಕ್ಕೆ ಚಾಕು ಕೊಟ್ಟ ಮನೆತನ. ತಾಯಿ ವಿಕ್ಟೋರಿಯಾಳ ಹೆಸರಿಗೆ ಸ್ಟೇನ್‌ಲೆಸ್ ಉಕ್ಕಿನ ಫ್ರೆಂಚ್ ಹೆಸರು ‘ಇನಾಕ್ಸ್’ ಸೇರಿಸಿ ಈ ಗುರುತು. ಇವರ ‘ಕ್ಲಾಸಿಕ್’ ಮಡಚಿದಾಗ 58 ಎಂ.ಎಂ., ಬೀಗದ ಕೈ ಗೊಂಚಲಿಗೆ ಸಿಕ್ಕಿಸಬಹುದು. ಒಂದು ಕಿರು ಅಲಗು, ಕತ್ತರಿ, ಉಗುರಿನ ಅರ, ಚಿಮುಟ, ಹಲ್ಲುಕಡ್ಡಿ. ನಗರದಲ್ಲಿ ಅಲಗಿಗಿಂತ ಆ ಕತ್ತರಿಯೇ ಹೆಚ್ಚು ಕೆಲಸಕ್ಕೆ ಬರುತ್ತದೆ. ತೋಟಕ್ಕೂ ಬೇಕೆಂದರೆ 91 ಎಂ.ಎಂ. ಅಳತೆಯದು. ಅದರಲ್ಲಿ ‘ಸ್ಪಾರ್ಟನ್’ಗೆ ಕಾರ್ಕ್ ತೆಗೆಯುವ ಸುರುಳಿ ಇದೆ, ‘ಟಿಂಕರ್’ಗೆ ಅದರ ಜಾಗದಲ್ಲಿ ನಕ್ಷತ್ರದ ತಲೆಯ ಸ್ಕ್ರೂ ಬಿಚ್ಚುವ ಸಾಧನ. ನಿನಗೆ ಟಿಂಕರ್ ಸರಿ. ಸ್ಪಾರ್ಟನ್ನೇ ಉಡುಗೊರೆಯಾಗಿ ಬಂದರೆ ಬೇಸರ ಬೇಡ, ಬಿಗಿದ ಹಗ್ಗದ ಗಂಟು ಬಿಡಿಸಲು ಆ ಸುರುಳಿಯಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ.

• ಫ್ರಾನ್ಸಿನ ಒಪಿನೆಲ್. ಸವಾಯ್ ಬೆಟ್ಟಸೀಮೆಯ ಜೋಸೆಫ್ ಒಪಿನೆಲ್ 1890ರಲ್ಲಿ ರೈತರಿಗೆ ಎಂದು ಮಾಡಿದ್ದು. ಒಂದು ಅಲಗು, ಒಂದು ಮರದ ಹಿಡಿ, 1955ರಲ್ಲಿ ಸೇರಿದ ಒಂದು ತಿರುಗುವ ಬಳೆ. ಬಳೆ ತಿರುಗಿಸಿದರೆ ಲಾಕ್. 6ನೇ ನಂಬರಿನ ಅಲಗು 7 ಸೆಂ.ಮೀ., 8ನೇದ್ದು 8.5 ಸೆಂ.ಮೀ. ಅಲಗು ತೆಳುವಾದ್ದರಿಂದ ಹಣ್ಣಿಗೆ ಇದು ಬಲು ಚೆನ್ನ. ಆದರೆ ಮಲೆನಾಡಿನವರು ತಿಳಿದಿರಬೇಕಾದ ಒಂದು ಮಾತಿದೆ: ಥಂಡಿಗೆ ಬೀಚ್ ಮರದ ಹಿಡಿ ಉಬ್ಬಿ ಅಲಗು ಒಳಗೇ ಕಚ್ಚಿಕೊಳ್ಳುತ್ತದೆ. ಆಗ ಉಗುರು ಮುರಿದುಕೊಳ್ಳಬೇಡ. ಹಿಡಿಯ ಹಿಂಬದಿಯ ತುದಿಯನ್ನು ಮೇಜಿನ ಅಂಚಿಗೆ ಒಮ್ಮೆ ಕುಟ್ಟಿದರೆ ಅಲಗು ತಾನಾಗಿ ಮೇಲೇಳುತ್ತದೆ. ಸವಾಯ್‌ನವರೂ ಹಾಗೇ ಮಾಡುತ್ತಾರೆ.

• ನಕಲಿಗೆ ಮೋಸ ಹೋಗಬೇಡ. ಕೆಂಪು ಹಿಡಿ, ಬಿಳಿ ಶಿಲುಬೆ ಇದ್ದ ಮಾತ್ರಕ್ಕೆ ಸ್ವಿಸ್ ಚಾಕು ಆಗುವುದಿಲ್ಲ. ಅಲಗಿನ ಬುಡದಲ್ಲಿ ತಯಾರಕರ ಮುದ್ರೆ ಸ್ಪಷ್ಟವಾಗಿ ಒತ್ತಿರಬೇಕು. ಹೆಸರಿಲ್ಲದ ಚಾಕೂ ಒಳ್ಳೆಯದಿರಬಹುದು. ಹೆಸರು ಕದ್ದ ಚಾಕು ಒಳ್ಳೆಯದಿರುವುದು ಅಪರೂಪ.

ಅಂಗಡಿಯಲ್ಲಿ

• ತೆರೆದು ಅಲಗನ್ನು ಪಕ್ಕಕ್ಕೆ ಅಲುಗಾಡಿಸು. ಲಟಲಟ ಎಂದರೆ ರಿವೆಟ್ಟು ಸಡಿಲ, ವಾಪಸ್ ಕೊಡು.

• ಮಡಚಿ ಬೆಳಕಿಗೆ ಹಿಡಿ. ಅಲಗು ಹಿಡಿಯ ಸಂದಿಯ ನಟ್ಟನಡುವೆ ಕೂತಿರಬೇಕು. ಒಂದು ಬದಿಗೆ ಒರಗಿದ್ದರೆ ಪ್ರತಿ ಸಲ ಮುಚ್ಚುವಾಗ ಬಾಯಿ ಉಜ್ಜಿ ಮೊಂಡಾಗುತ್ತದೆ.

• ಒದ್ದೆ ಕೈಯಲ್ಲಿ ತೆರೆದು ನೋಡು. ಉಗುರು ಸಿಕ್ಕಿಸುವ ಗೀರು ಸಾಮಾನ್ಯವಾಗಿ ಬಲಗೈಯವರಿಗೆ ಅನುಕೂಲವಾಗುವ ಬದಿಯಲ್ಲಿರುತ್ತದೆ. ನೀನು ಎಡಚಿ, ಅದಕ್ಕೇ ಕೈಯಲ್ಲಿ ಹಿಡಿದು ನೋಡದೆ ಆನ್‌ಲೈನಿನಲ್ಲಿ ತರಿಸಬೇಡ.

• ಮುಷ್ಟಿಯಲ್ಲಿ ಹಿಡಿದಾಗ ಕನಿಷ್ಠ ಮೂರು ಬೆರಳಿಗೆ ಜಾಗ ಸಿಗಬೇಕು. ಅಲಗು ಚಿಕ್ಕದಿರಲಿ, ಹಿಡಿ ತೀರಾ ಚಿಕ್ಕದಾದರೆ ಜಾರುತ್ತದೆ.

ಜೊತೆಗೆ ಒಯ್ಯುವಾಗ

• ಫೋನು, ಬೀಗದ ಕೈ ಇರುವ ಜೇಬಿನಲ್ಲಿ ಹಾಕಬೇಡ. ಕುರ್ತಾಗೆ ಜೇಬಿಲ್ಲದಿದ್ದರೆ ಬ್ಯಾಗಿನ ಒಳಜೇಬಿನಲ್ಲಿ ಒಂದು ಸಣ್ಣ ಬಟ್ಟೆಚೀಲ ಇಡು. ಸ್ಕೂಟರ್ ಓಡಿಸುವಾಗ ಜೀನ್ಸಿನ ಹಿಂಜೇಬು ಬೇಡ.

• ತಪಾಸಣೆ ಇರುವ ಕಡೆ ಮನೆಯಲ್ಲೇ ಬಿಟ್ಟು ಹೋಗು. ಮೆಟ್ರೊ, ನ್ಯಾಯಾಲಯ, ವಿಧಾನಸೌಧ, ಪರೀಕ್ಷಾ ಕೊಠಡಿ, ಮಾಲ್ ಇವೆಲ್ಲ ಆ ಪಟ್ಟಿಯವು. ವಿಮಾನಕ್ಕಾದರೆ ಕೈಚೀಲದಲ್ಲಿ ಎಷ್ಟೇ ಚಿಕ್ಕ ಚಾಕೂ ಬೇಡ, ಕೌಂಟರಿನಲ್ಲಿ ಒಪ್ಪಿಸುವ ಪೆಟ್ಟಿಗೆಯಲ್ಲಿಡು. ಬೀಗದ ಕೈ ಗೊಂಚಲಿನಲ್ಲಿ ಇರುವುದೇ ಮರೆತುಹೋಗುವಂಥದ್ದು, ಹಿಂದಿನ ರಾತ್ರಿಯೇ ಬಿಚ್ಚಿಡು. ಚುನಾವಣೆಯ ಹೊತ್ತಿನಲ್ಲಿ, ಗಲಭೆ ಎದ್ದ ಊರಲ್ಲಿ ನಿಷೇಧಾಜ್ಞೆ ಇದ್ದರೆ ಜೇಬು ಖಾಲಿಯಿರಲಿ.

• ಇನ್ನೊಬ್ಬರಿಗೆ ಕೊಡುವಾಗ ಮಡಚಿ, ಮೇಜಿನ ಮೇಲಿಡು. ಚಾಕು, ಕತ್ತರಿ ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂದು ನಿನ್ನಜ್ಜಿ ಹೇಳುತ್ತಿದ್ದರು. ಜಗಳದ ಮಾತು ಹೇಗೋ ಏನೋ, ಬೆರಳು ಕುಯ್ದುಕೊಳ್ಳುವುದಂತೂ ತಪ್ಪುತ್ತದೆ.

• ಮೊಳೆ ಕೀಳುವುದು, ಡಬ್ಬದ ಮುಚ್ಚಳ ಮೀಟುವುದು, ಸ್ಕ್ರೂ ತಿರುಗಿಸುವುದು ಅಲಗಿನ ಕೆಲಸವಲ್ಲ. ಮೊನೆ ಮುರಿಯುವುದು ಹೆಚ್ಚಾಗಿ ಇಲ್ಲೇ.

ಮನೆಯಲ್ಲಿ

• ಮೊಂಡು ಚಾಕೇ ಬೆರಳು ಕುಯ್ಯುವುದು. ಹರಿತವಿದ್ದರೆ ಹಗುರವಾಗಿ ಎಳೆದರೆ ಸಾಕು. ಮೊಂಡಾದರೆ ಒತ್ತಬೇಕು, ಒತ್ತಿದಾಗ ಜಾರುತ್ತದೆ, ಜಾರಿದ್ದು ಕೈಗೇ ಬರುತ್ತದೆ. ಮಾಗಿದ ಟೊಮೆಟೊ ಸಿಪ್ಪೆಯ ಮೇಲೆ ಅಲಗಿಟ್ಟು ಎಳೆದು ನೋಡು, ಒತ್ತದೆ ಇಳಿಯಬೇಕು.

• ಮಸೆಯುವುದನ್ನು ನೀನೇ ಕಲಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಬದಿ ತರಿ, ಇನ್ನೊಂದು ಬದಿ ನುಣುಪು ಇರುವ ಕಾರ್ಬೊರಂಡಮ್ ಕಲ್ಲು ಸಿಗುತ್ತದೆ. ನೀರು ಹಾಕು, ಅಲಗನ್ನು ಮಲಗಿಸು, ಬೆನ್ನಿನಡಿ ಮೂರು ಒಂದು ರೂಪಾಯಿ ನಾಣ್ಯ ಪೇರಿಸಿದಷ್ಟು ಎತ್ತು. ಸಣ್ಣ ಚಾಕಿಗೆ ಅದು ಸುಮಾರು 20 ಡಿಗ್ರಿ ಓರೆಯಾಗುತ್ತದೆ. ಆ ಓರೆ ಬದಲಾಗದಂತೆ ಬುಡದಿಂದ ಮೊನೆಯ ತನಕ ಎಳೆ. ಎದುರು ಬದಿಯ ಅಂಚಿಗೆ ಅಡ್ಡಲಾಗಿ ಹೆಬ್ಬೆರಳು ಸವರಿದಾಗ ಸಣ್ಣ ತರಿ ತಾಗಿದರೆ ಈ ಬದಿ ಆಯಿತು ಎಂದರ್ಥ. ಮಗುಚಿ ಇನ್ನೊಂದು ಬದಿ ಮಸೆ. ಕೊನೆಗೆ ಹಳೇ ಚರ್ಮದ ಬೆಲ್ಟಿನ ಒಳಮೈ ಮೇಲೆ ಬೆನ್ನು ಮುಂದಾಗಿ ನಾಲ್ಕು ಸಲ ಎಳೆದರೆ ಆ ತರಿಯೂ ಹೋಗುತ್ತದೆ.

• ತಿರುಗುವ ಸಾಣೆಚಕ್ರಕ್ಕೆ ಸಣ್ಣ ಚಾಕು ಕೊಡಬೇಡ. ಮಚ್ಚು, ಕತ್ತಿಗೆ ಅದು ಸರಿ. ತೆಳ್ಳನೆಯ ಅಲಗು ಒಣಚಕ್ರದ ಕಿಡಿಯಲ್ಲಿ ಕ್ಷಣದಲ್ಲಿ ಕಾಯುತ್ತದೆ. ಅಂಚಿನಲ್ಲಿ ನೀಲಿ ಛಾಯೆ ಕಂಡರೆ ಅಲ್ಲಿಯ ಉಕ್ಕು ಮೆತ್ತಗಾಯಿತು, ಎಷ್ಟು ಮಸೆದರೂ ಹರಿತ ನಿಲ್ಲದು.

• ಹಲಸಿಗೆ ಮೊದಲು ಅಲಗಿಗೆ ಕೊಬ್ಬರಿ ಎಣ್ಣೆ ಸವರು, ಮೇಣ ಅಂಟುವುದಿಲ್ಲ. ಆದರೆ ಅಲಗು ತಿರುಗುವ ರಿವೆಟ್ಟಿಗೆ ಅದನ್ನು ಬಿಡಬೇಡ. ಚಳಿಗೆ ಹೆಪ್ಪುಗಟ್ಟುತ್ತದೆ, ದಿನ ಕಳೆದಂತೆ ಜಿಡ್ಡಾಗಿ ಧೂಳು ಹಿಡಿಯುತ್ತದೆ. ಅಲ್ಲಿಗೆ ಹೊಲಿಗೆ ಮೆಷಿನ್ ಎಣ್ಣೆ ಒಂದೇ ಹನಿ, ಉಳಿದದ್ದನ್ನು ಒರೆಸಿಬಿಡು.

• ಆಯುಧಪೂಜೆಗೆ ಚಾಕನ್ನೂ ಇಡು, ಸಂತೋಷ. ಹಿಂದಿನ ದಿನ ಹಿಡಿಯ ಸಂದಿಯ ಕಸವನ್ನು ಹಲ್ಲುಕಡ್ಡಿಯಿಂದ ಕೆದಕಿ, ಬಿಸಿನೀರಲ್ಲಿ ತೊಳೆದು ಪೂರ್ತಿ ಒಣಗಿಸು. ಕುಂಕುಮ ಹಿಡಿಗೆ ಸಾಕು. ನಿಂಬೆಹಣ್ಣಿನ ರಸ ತಾಗಿದರೆ ಅಂದೇ ಒರೆಸು. ಹುಳಿ ಉಕ್ಕನ್ನು ತಿನ್ನುತ್ತದೆ.

• ಕುಯ್ದುಕೊಂಡರೆ ಕಾಫಿಪುಡಿ, ಸುಣ್ಣ ಮೆತ್ತಬೇಡ. ಹರಿಯುವ ನೀರಲ್ಲಿ ತೊಳೆದು, ಶುದ್ಧ ಬಟ್ಟೆಯಿಂದ ಒತ್ತಿಹಿಡಿದು ಕೈ ಮೇಲೆತ್ತು. ರಕ್ತ ನಿಲ್ಲದಿದ್ದರೆ, ಬೆರಳು ಜೋಮು ಹಿಡಿದರೆ ತಡಮಾಡದೆ ಆಸ್ಪತ್ರೆಗೆ ಹೋಗು. ಧನುರ್ವಾಯುವಿನ ಚುಚ್ಚುಮದ್ದು ಕೊನೆಯ ಸಲ ಯಾವಾಗ ಆಗಿತ್ತು ಎಂದು ವೈದ್ಯರಿಗೆ ಹೇಳು.

ಇಷ್ಟೆಲ್ಲ ಓದಿಯೂ ಅಂಗಡಿಯಲ್ಲಿ ಗೊಂದಲವಾದರೆ ಹೀಗೆ ಕೇಳು: ಸ್ಟೇನ್‌ಲೆಸ್ ಉಕ್ಕು, ಆರು ಸೆಂಟಿಮೀಟರ್ ಆಸುಪಾಸಿನ ಒಂದು ಸಾದಾ ಅಲಗು, ಕಣ್ಣಿಗೆ ಬೀಳುವ ಬಣ್ಣದ ಹಿಡಿ. ಬಣ್ಣ ಯಾಕೆಂದರೆ ಅಡಿಕೆ ತೋಟದ ದರಕಿನಲ್ಲಿ ಬಿದ್ದ ಕಂದು ಚಾಕು ಮತ್ತೆ ಸಿಗುವುದಿಲ್ಲ. ಅಂದುಕೊಂಡದ್ದಕ್ಕಿಂತ ಒಂದು ಅಳತೆ ಚಿಕ್ಕದು ತಗೊಂಡರೆ ಸ್ವಲ್ಪ ದುಡ್ಡೂ ಉಳಿಯುತ್ತದೆ. ಅದರಲ್ಲಿ ಆ ಕಲ್ಲನ್ನು ಅವತ್ತೇ ಕೊಂಡು ಮನೆಗೆ ಹೋಗು.